ವಿವಾಹ ವಿಚ್ಛೇದನವೂ ಮಕ್ಕಳ ಆರೋಗ್ಯವೂ: ನಮ್ಮ ಸೀಮೆಯ ಒಂದು ಚರಿತ್ರೆ



ನಮ್ಮ ಸೀಮೆಯ ಚರಿತ್ರೆಯೆಂದರೆ ಹರಿಹರೇಶ್ವರನ ದೇವಾಲಯ, ದಾವಣಗೆರೆಯ ಹತ್ತಿ ಗಿರಣಿಗಳು, ತುಂಗಭದ್ರೆಯ ನೆರೆ, ಇಷ್ಟನ್ನೇ ನಾವು ನೆನೆಯುವುದು ರೂಢಿ. ಆದರೆ ಮನೆಯೊಂದು ಒಡೆದಾಗ ಅಲ್ಲಿಯ ಮಕ್ಕಳಿಗೆ ಏನಾಯಿತು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದು ಕಾಯ್ದೆಯ ಕಲಮುಗಳಲ್ಲಿ, ಆಸ್ಪತ್ರೆಯ ಚೀಟಿಗಳಲ್ಲಿ, ಪಡಿತರ ಚೀಟಿಯಲ್ಲಿ ಬರೆದ ಹೆಸರುಗಳಲ್ಲಿ ಚದುರಿಕೊಂಡಿದೆ. ನನ್ನ ಬಳಿ ಓದಿದವರ ಮತ್ತು ನಮ್ಮ ಬಳಗದವರ ಮನೆಗಳಲ್ಲಿ ಇಂತಹ ಪ್ರಸಂಗಗಳು ಈಗ ಅಪರೂಪವೇನೂ ಅಲ್ಲವಾದುದರಿಂದ, ಚದುರಿದ್ದನ್ನು ಒಂದೆಡೆ ಸೇರಿಸಿ ಬರೆಯುವುದು ಉಚಿತವೆಂದು ತೋರಿತು. ಗಂಡಹೆಂಡಿರು ಬೇರೆಯಾಗುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಬೇರೆಯಾದ ಮೇಲೆ ಮಗುವಿಗೆ ಜ್ವರ ಬಂದರೆ ಹೊಣೆ ಯಾರದು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ನಡೆದು ನೋಡೋಣ.

ಮೂರು ಸರಕಾರಗಳ ನಡುವಿನ ಸೀಮೆ

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯನ್ನು ನಿಮ್ಮಲ್ಲಿ ನೋಡದವರು ವಿರಳ. ತುಂಗಭದ್ರೆಯ ದಡದಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿರುವ ಊರು ಅದು. 1956ಕ್ಕೆ ಮುಂಚೆ ಅಲ್ಲಿಯ ಹೊಳೆಯೇ ಗಡಿಯಾಗಿತ್ತು. ಈಚೆಯ ದಡ ಮೈಸೂರು ರಾಜ್ಯದ ಚಿತ್ರದುರ್ಗ ಜಿಲ್ಲೆ. ಆಚೆಯ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಸ್ವಲ್ಪ ಉತ್ತರಕ್ಕೆ, ಪೂರ್ವಕ್ಕೆ ಸರಿದರೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ. ಭಾಷೆ ಒಂದೇ, ದೇವರು ಒಂದೇ, ಹೆಣ್ಣು ಕೊಟ್ಟು ತರುವ ಸಂಬಂಧವೂ ಒಂದೇ. ಕಾನೂನು ಮಾತ್ರ ಮೂರು ಬಗೆ.

ಮುಂಬಯಿ ಪ್ರಾಂತ್ಯದಲ್ಲಿ 1947ರಲ್ಲಿಯೇ ಹಿಂದೂ ವಿಚ್ಛೇದನ ಕಾಯ್ದೆ ಬಂದಿತು. ಮದರಾಸು ಪ್ರಾಂತ್ಯದಲ್ಲಿ ದ್ವಿಪತ್ನಿತ್ವದ ನಿಷೇಧವನ್ನೂ ವಿಚ್ಛೇದನವನ್ನೂ ಕೂಡಿಸಿದ ಕಾಯ್ದೆ 1949ರಲ್ಲಿ ಆಯಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಬಗ್ಗೆ ಕಾಯ್ದೆ ಮಾಡಿ ಈ ದಿಕ್ಕಿನಲ್ಲಿ ಮುಂದಿತ್ತಾದರೂ, ವಿಚ್ಛೇದನದ ಕಾಯ್ದೆಯನ್ನು ಮಾಡಿರಲಿಲ್ಲ. ಹೀಗಾಗಿ ಕೆಲವು ವರ್ಷಗಳ ಕಾಲ ರಾಣೆಬೆನ್ನೂರು ಸೀಮೆಯ ಹೆಣ್ಣುಮಗಳು ನ್ಯಾಯಾಲಯಕ್ಕೆ ಹೋಗಿ ಬಿಡುಗಡೆ ಕೇಳಬಹುದಾಗಿತ್ತು. ಹೊಳೆಯ ಈಚೆ ಇದ್ದ ಅವಳ ತಂಗಿಗೆ ಆ ದಾರಿ ಇರಲಿಲ್ಲ. 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದು ಈ ಪ್ರಾಂತೀಯ ಕಾಯ್ದೆಗಳು ರದ್ದಾದ ಮೇಲೆ ಎಲ್ಲರಿಗೂ ಒಂದೇ ನಿಯಮವಾಯಿತು.

ಪಂಚರ ಕಾಲದ ಏರ್ಪಾಡು

ಕಾಯ್ದೆ ಬರುವ ಮೊದಲು ಗಂಡಹೆಂಡಿರು ಬೇರೆಯಾಗುತ್ತಲೇ ಇರಲಿಲ್ಲವೆಂದು ಭಾವಿಸಬಾರದು. ನಮ್ಮ ಕಡೆಯ ಅನೇಕ ಸಮುದಾಯಗಳಲ್ಲಿ ಕುಲದ ಹಿರಿಯರ ಎದುರಿಗೆ ಬಿಡುಗಡೆ ಆಗುತ್ತಿತ್ತು. ಆಚೆ ದಡದವರು ಅದರ ಪತ್ರವನ್ನು ಸೋಡಚೀಟಿ ಎನ್ನುತ್ತಿದ್ದರು. ಬಿಡುಗಡೆಯಾದವಳು ಮತ್ತೆ ಮದುವೆಯಾದರೆ ಅದಕ್ಕೆ ಉಡಿಕೆ ಅಥವಾ ಕೂಡಿಕೆ ಎಂದು ಹೆಸರು. 1955ರ ಕಾಯ್ದೆಯೂ ತನ್ನ 29ನೆಯ ಕಲಮಿನಲ್ಲಿ ಇಂತಹ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ.

ಆ ಏರ್ಪಾಡಿನಲ್ಲಿ ಮಗುವಿನ ವಿಚಾರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಉತ್ತರ ಸರಳವಾಗಿತ್ತು: ಮೊಲೆ ಕುಡಿಯುವ ಕೂಸು ತಾಯಿಯ ಜೊತೆ, ಬೆಳೆದ ಮಕ್ಕಳು ತಂದೆಯ ವಂಶಕ್ಕೆ. ಈ ಉತ್ತರದ ಹಿಂದೆ ಆರೋಗ್ಯದ ತಿಳಿವಳಿಕೆ ಇಲ್ಲದಿರಲಿಲ್ಲ. ಎದೆಹಾಲು ತಪ್ಪಿದ ಕೂಸು ಉಳಿಯುವುದು ಕಷ್ಟವೆಂದು ಎಲ್ಲರೂ ಬಲ್ಲವರಾಗಿದ್ದರು. ಇಸ್ಲಾಮಿನ ಶಾಸ್ತ್ರವೂ ಇದೇ ಜಾಡಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. ಎರಡು ವರ್ಷ ಹಾಲೂಡಿಸುವ ಮಾತು, ಆ ಅವಧಿಯಲ್ಲಿ ತಾಯಿಯ ಅನ್ನಬಟ್ಟೆ ತಂದೆಯ ಹೊಣೆಯೆಂಬ ಮಾತು ಕುರಾನಿನಲ್ಲಿಯೇ ಬಂದಿದೆ. ಹನಫಿ ಪದ್ಧತಿಯಲ್ಲಿ ಗಂಡುಮಗುವಿನ ಪಾಲನೆ ಏಳು ವರ್ಷದವರೆಗೆ, ಹೆಣ್ಣುಮಗುವಿನ ಪಾಲನೆ ಅವಳು ಮೈನೆರೆಯುವವರೆಗೆ ತಾಯಿಯದು, ಖರ್ಚು ತಂದೆಯದು.

ಹಾಲು ಬಿಡಿಸಿದ ನಂತರದ ಕಾಯಿಲೆಗಳಿಗೆ ಪಂಚರು ಪ್ರತ್ಯೇಕ ಏರ್ಪಾಡು ಮಾಡಬೇಕಾದ ಸಂದರ್ಭ ಹೆಚ್ಚಿರಲಿಲ್ಲ. ಅಂದಿನ ಔಷಧವೆಂದರೆ ಮನೆಯ ಕಷಾಯ, ಊರಿನ ನಾಟಿ ವೈದ್ಯ, ದೇವರ ಹರಕೆ. ಅವು ಎರಡೂ ಮನೆಗಳಲ್ಲಿ ಒಂದೇ ಬಗೆಯಲ್ಲಿ ಸಿಗುತ್ತಿದ್ದವು. ದಿನ ತಪ್ಪದೆ ನುಂಗಬೇಕಾದ ಮಾತ್ರೆ, ದಿನಾಂಕ ನೋಡಿ ಹಾಕಿಸಬೇಕಾದ ಚುಚ್ಚುಮದ್ದು, ಸಹಿ ಹಾಕಿ ಒಪ್ಪಬೇಕಾದ ಶಸ್ತ್ರಚಿಕಿತ್ಸೆ, ಇವೆಲ್ಲ ಬಂದ ಮೇಲೆಯೇ ಮಗುವಿನ ದೇಹಕ್ಕೆ ಹೊಣೆಗಾರ ಯಾರು ಎಂಬ ಪ್ರಶ್ನೆ ತೀಕ್ಷ್ಣವಾದದ್ದು. ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಚಿಗಟೇರಿ ಆಸ್ಪತ್ರೆಯೂ ಬಾಪೂಜಿ ಮಕ್ಕಳ ಆಸ್ಪತ್ರೆಯೂ ಸುತ್ತಲಿನ ಹಳ್ಳಿಗಳಿಗೆ ಪರಿಚಿತವಾದವು. 1985ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ನಡೆದುಬಂದಿದೆ. ಚಿಕಿತ್ಸೆ ಹತ್ತಿರ ಬಂದಂತೆಲ್ಲ ಅದನ್ನು ತಪ್ಪದೆ ಕೊಡಿಸುವವರೊಬ್ಬರು ಇರಬೇಕಾದ ಅಗತ್ಯವೂ ಹೆಚ್ಚಿತು.

ಕಾಯ್ದೆ ಏನು ಹೇಳಿತು?

ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮು ಮಕ್ಕಳಿಗೆ ಸಂಬಂಧಿಸಿದ್ದು. ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸ ಈ ಮೂರರ ಬಗ್ಗೆ ನ್ಯಾಯಾಲಯ ಆಜ್ಞೆ ಮಾಡಬಹುದೆಂದು ಅದು ಹೇಳುತ್ತದೆ. ಆರೋಗ್ಯವೆಂಬ ಶಬ್ದ ಅಲ್ಲಿಲ್ಲ. ಮರುವರ್ಷ, 1956ರಲ್ಲಿ ಬಂದ ದತ್ತಕ ಮತ್ತು ಪೋಷಣೆ ಕಾಯ್ದೆ ಈ ಕೊರತೆಯನ್ನು ತುಂಬಿತು. ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವಿದ್ಯಾಭ್ಯಾಸದ ಜೊತೆಗೆ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯೂ ಹೌದೆಂದು ಅದರ 3ನೆಯ ಕಲಮು ವ್ಯಾಖ್ಯೆ ಮಾಡಿದೆ. ಮಕ್ಕಳನ್ನು ಪೋಷಿಸುವ ಹೊಣೆ ತಂದೆತಾಯಿ ಇಬ್ಬರಿಗೂ ಇದೆಯೆಂದು 20ನೆಯ ಕಲಮು ಹೇಳುತ್ತದೆ. ವಕೀಲರಲ್ಲದವರು ಈ ಎರಡು ಕಲಮುಗಳನ್ನು ಅಷ್ಟಾಗಿ ಅರಿಯರು. ಜೀವನಾಂಶವೆಂದರೆ ತಿಂಗಳ ಅಕ್ಕಿಬೇಳೆಯ ಹಣವೆಂದೇ ಬಹಳ ಜನರ ತಿಳಿವಳಿಕೆ. ಮಗುವಿನ ಔಷಧದ ಖರ್ಚನ್ನೂ ಕೇಳುವ ಹಕ್ಕು ಸುಮಾರು ಎಪ್ಪತ್ತು ವರ್ಷಗಳಿಂದ ಅಲ್ಲಿ ಬರೆದಿದೆ.

ಹಕ್ಕು ಬರೆದಿದ್ದರೂ ಹಣ ಸಾಲಬೇಕಲ್ಲ! ಬಡವರು ಜೀವನಾಂಶಕ್ಕಾಗಿ ಹೆಚ್ಚಾಗಿ ಆಶ್ರಯಿಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮನ್ನು. 1973ರ ಆ ಸಂಹಿತೆಯಲ್ಲಿ ತಿಂಗಳಿಗೆ ಐದುನೂರು ರೂಪಾಯಿಯ ಮಿತಿಯಿತ್ತು. ಬೆಲೆಗಳು ಎಷ್ಟೇ ಏರಲಿ, ಮಿತಿ ಏರಲಿಲ್ಲ. 2001ರಲ್ಲಿ ತಿದ್ದುಪಡಿಯಾಗಿ ಮಿತಿ ತೆಗೆದುಹಾಕಲಾಯಿತು. ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೊಡಿಸುವ ಅವಕಾಶವೂ ಸೇರಿತು. 2024ರ ಜುಲೈ 1ರಿಂದ ಇದೇ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. 1986ರ ಮುಸ್ಲಿಂ ಮಹಿಳೆಯರ ಕಾಯ್ದೆಯು ಮಗುವಿಗೆ ಎರಡು ವರ್ಷ ತುಂಬುವವರೆಗಿನ ಖರ್ಚನ್ನಷ್ಟೇ ಹೇಳಿದ್ದರಿಂದ, ಅನಂತರ ಆ ಮಕ್ಕಳಿಗೆ ಹಕ್ಕಿಲ್ಲವೇ ಎಂಬ ಸಂದೇಹವೆದ್ದಿತು. ಆ ಎರಡು ವರ್ಷಗಳ ಮಾತು ತಾಯಿಯ ಹಕ್ಕಿಗೆ ಸಂಬಂಧಿಸಿದ್ದು, ಮಕ್ಕಳ ಸ್ವಂತ ಹಕ್ಕು 125ನೆಯ ಕಲಮಿನಡಿ ಹಾಗೆಯೇ ಉಳಿದಿದೆ ಎಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಮಾನಿಸಿತು.

ಇನ್ನು ಸಹಿಯ ಪ್ರಶ್ನೆ. 1956ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಸಹಜ ಪಾಲಕನು ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಎಂದರೆ ಕೂಸನ್ನು ಎತ್ತಿ ಆಡಿಸುವವಳು ತಾಯಿ, ಕಾಗದದಲ್ಲಿ ಪಾಲಕ ಮಾತ್ರ ತಂದೆ! ಗೀತಾ ಹರಿಹರನ್ ಅವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಈ ‘ನಂತರ’ ಎಂಬ ಮಾತಿಗೆ ಹೊಸ ಅರ್ಥ ಕೊಟ್ಟಿತು. ತಂದೆ ಸತ್ತ ಮೇಲೆ ಎಂದಷ್ಟೇ ಅದರ ಅರ್ಥವಲ್ಲ. ತಂದೆ ಮಗುವಿನ ಹೊಣೆ ಹೊರದೆ ದೂರ ಉಳಿದಿದ್ದರೂ ತಾಯಿಯೇ ಪಾಲಕಳು ಎಂದಾಯಿತು.

ಚಿಕಿತ್ಸೆಯ ಮಟ್ಟಿಗೆ ಇದಕ್ಕಿಂತ ಹಳೆಯ ಆಸರೆಯೊಂದಿತ್ತು. 1860ರ ದಂಡ ಸಂಹಿತೆಯ 89ನೆಯ ಕಲಮು, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಮಾಡುವ ಕಾರ್ಯಕ್ಕೆ ಪಾಲಕರು ಅಥವಾ ಮಗುವನ್ನು ನ್ಯಾಯಸಮ್ಮತವಾಗಿ ನೋಡಿಕೊಳ್ಳುತ್ತಿರುವ ಬೇರೊಬ್ಬರು ಒಪ್ಪಿಗೆ ಕೊಡಬಹುದೆಂದು ಹೇಳಿತ್ತು. ಕೇಳಲು ಯಾರೂ ಇಲ್ಲದ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆಯೇ ಚಿಕಿತ್ಸೆ ನಡೆಸಲು 92ನೆಯ ಕಲಮು ರಕ್ಷಣೆ ಕೊಟ್ಟಿತ್ತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 27 ಮತ್ತು 30ನೆಯ ಕಲಮುಗಳಲ್ಲಿ ಇವು ಮುಂದುವರಿದಿವೆ. ಆದುದರಿಂದ ಮಗುವನ್ನು ಸಾಕುತ್ತಿರುವ ಅಜ್ಜಿಯಾಗಲಿ ಸೋದರಮಾವನಾಗಲಿ, ತಂದೆ ಬರಲಿ ಎಂದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತ ಕೂರಬೇಕಾಗಿಲ್ಲ.

ಕಾರ್ಡು ಯಾರ ಜೇಬಿನಲ್ಲಿ?

ದಾವಣಗೆರೆಯ ಗಿರಣಿಗಳು, ಹರಿಹರದ ಕಾರ್ಖಾನೆಗಳು ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರ ಮಕ್ಕಳಿಗೆ ದೊಡ್ಡ ಆಸರೆಯೆಂದರೆ 1948ರ ಕಾಯ್ದೆಯಿಂದ ಬಂದ ಇ.ಎಸ್.ಐ. ಅವಲಂಬಿತ ಮಕ್ಕಳೂ ಅದರ ಕುಟುಂಬದ ವ್ಯಾಖ್ಯೆಯಲ್ಲಿ ಸೇರಿದ್ದಾರೆ. ತಂದೆತಾಯಿ ಬೇರೆಯಾದರೆ ಮಗುವಿನ ಆ ಹಕ್ಕು ಕಾನೂನಿನಲ್ಲಿ ಅಳಿಯುವುದಿಲ್ಲ. ಆದರೆ ವಿಮೆ ತಂದೆಯ ಹೆಸರಿನಲ್ಲಿದ್ದರೆ ಕಾರ್ಡು ಅವನ ಜೇಬಿನಲ್ಲಿ, ಮಗು ತಾಯಿಯ ತವರಿನಲ್ಲಿ. ಇಬ್ಬರಲ್ಲಿ ಮಾತಿಲ್ಲದಿದ್ದರೆ ಆ ಹಕ್ಕು ಇದ್ದೂ ಇಲ್ಲದಂತೆ.

ಇಂದಿನ ಸ್ಥಿತಿಯೂ ಇದಕ್ಕೆ ಹತ್ತಿರವೇ ಇದೆ. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಆಧಾರ ಪಡಿತರ ಚೀಟಿ. 2013ರ ಆಹಾರ ಭದ್ರತಾ ಕಾಯ್ದೆಯು ಮನೆಯ ಹಿರಿಯ ಹೆಣ್ಣುಮಗಳನ್ನೇ ಪಡಿತರ ಚೀಟಿಯ ಯಜಮಾನಿಯನ್ನಾಗಿಸಿತು. ಒಳ್ಳೆಯ ಮಾತೇ. ಆದರೆ ಕೂಡುಕುಟುಂಬದಲ್ಲಿ ಆ ಹಿರಿಯಳೆಂದರೆ ಅತ್ತೆ! ಸೊಸೆ ಮಗುವಿನೊಂದಿಗೆ ಹೊರಟುಬಂದಾಗ ಇಬ್ಬರ ಹೆಸರೂ ಆ ಚೀಟಿಯಲ್ಲಿಯೇ ಉಳಿಯುತ್ತವೆ. ಲಸಿಕೆಯ ವಿವರಗಳಿರುವ ತಾಯಿ ಕಾರ್ಡು ತಾಯಿಯ ಹೆಸರಿನದು. ಅವಳು ಅವಸರದಲ್ಲಿ ಮನೆ ಬಿಟ್ಟಿದ್ದರೆ ಅದೂ ಅಲ್ಲಿಯೇ ಪೆಟ್ಟಿಗೆಯೊಳಗೆ ಉಳಿಯುತ್ತದೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮಗುವಿನ ಹೆಸರಿದೆ, ಮಗುವಿಲ್ಲ. ತವರಿನ ಪಟ್ಟಿಯಲ್ಲಿ ಮಗುವಿದೆ, ಹೆಸರಿಲ್ಲ.

2011ರ ಜನಗಣತಿಯ ಲೆಕ್ಕದಂತೆ ದೇಶದಲ್ಲಿ ವಿಚ್ಛೇದಿತರು ಸುಮಾರು 13 ಲಕ್ಷ 60 ಸಾವಿರ. ಬೇರ್ಪಟ್ಟು ಬಾಳುತ್ತಿದ್ದವರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ನಮ್ಮಲ್ಲಿ ಹೆಚ್ಚಿನ ಮನೆಗಳು ಒಡೆಯುವುದು ನ್ಯಾಯಾಲಯದ ಮೆಟ್ಟಿಲೇರದೆ ಎಂದು ಇದರಿಂದ ತಿಳಿಯುತ್ತದೆ. ಡಿಕ್ರಿಯಾದರೆ ಮಗು ಯಾರ ವಶ, ಖರ್ಚು ಯಾರದು ಎಂದು ಒಂದು ಕಾಗದವಾದರೂ ಇರುತ್ತದೆ. ಸುಮ್ಮನೆ ‘ಬಿಟ್ಟು’ ಹೋದ ಮನೆಯ ಮಗುವಿಗೆ ಅದೂ ಇಲ್ಲ.

ಮಗುವಿನ ಮೈ ಆಡುವ ಮಾತು

ಈಗ ಮತ್ತೆ ಉಕ್ಕಡಗಾತ್ರಿಗೆ ಬರೋಣ. ಅಮಾವಾಸ್ಯೆಯ ದಿನ ಅಲ್ಲಿ ಸೇರುವ ಜನರಲ್ಲಿ ಗಾಳಿ ಸೋಂಕಿದೆಯೆಂದು, ಮಾಟವಾಗಿದೆಯೆಂದು ಮನೆಯವರು ಕರೆತಂದವರು ಬಹಳ. ಹೊಳೆಯಲ್ಲಿ ಮಿಂದು ಗದ್ದುಗೆಯ ಮುಂದೆ ನಿಲ್ಲುವ ಆ ಜನರ ನಂಬಿಕೆಯನ್ನು ಹಗುರವಾಗಿ ಕಾಣುವುದು ನನ್ನ ಸ್ವಭಾವವಲ್ಲ. ದುಃಖವನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು, ಅಜ್ಜಯ್ಯನ ಸನ್ನಿಧಿ ಅಂತಹ ಜಾಗ. ಆದರೆ ಊಟ ಸೇರದ, ರಾತ್ರಿ ಬೆಚ್ಚಿ ಏಳುವ, ಹತ್ತು ವರ್ಷವಾದರೂ ಹಾಸಿಗೆ ಒದ್ದೆ ಮಾಡುವ, ಹೊಟ್ಟೆನೋವೆಂದು ದಿನವೂ ಅಳುವ ಮಗುವನ್ನು ಕಂಡಾಗ, ಗಾಳಿ ಸೋಂಕಿನ ಶಂಕೆಗೆ ಮೊದಲು ಅದರ ಮನೆಯಲ್ಲಿ ಏನು ನಡೆದಿದೆಯೆಂದು ಕೇಳಬೇಕು. ಈ ನೋವು ಸೋಗಲ್ಲ. ಭಯ ಬಹುಕಾಲ ನಿಂತರೆ ದೇಹದಲ್ಲಿ ಒತ್ತಡದ ರಸಗಳು ಹೆಚ್ಚಿ ನಿದ್ರೆ, ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ ಎಲ್ಲವೂ ಏರುಪೇರಾಗುತ್ತವೆಂದು ವೈದ್ಯರು ಹೇಳುತ್ತಾರೆ. ಇಂತಹ ನೋವುಗಳಿಗೆ ದೇಹದ ಕಾರಣವೂ ಇರಬಹುದಾದುದರಿಂದ ವೈದ್ಯರಿಗೆ ತೋರಿಸುವುದಂತೂ ತಪ್ಪಬಾರದು.

ಈ ವಿಷಯದಲ್ಲಿ ಹೊರದೇಶಗಳಲ್ಲಿ ನಡೆದ ಎರಡು ಅಧ್ಯಯನಗಳು ನಮಗೆ ಪಾಠವಾಗಬಲ್ಲವು. ಸ್ವೀಡನ್ ದೇಶದಲ್ಲಿ ಹನ್ನೆರಡು ಮತ್ತು ಹದಿನೈದು ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಕ್ಕಳ ತಲೆನೋವು, ಹೊಟ್ಟೆನೋವು, ನಿದ್ರಾಹೀನತೆಗಳನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದರು. ತಂದೆತಾಯಿ ಒಟ್ಟಿಗಿರುವ ಮಕ್ಕಳಲ್ಲಿ ಈ ಬಾಧೆಗಳು ಎಲ್ಲಕ್ಕಿಂತ ಕಡಿಮೆ. ಬೇರೆಯಾದವರ ಮಕ್ಕಳಲ್ಲಿ, ಒಬ್ಬರ ಮನೆಯಲ್ಲಿಯೇ ಇರುವವರಿಗಿಂತ ಇಬ್ಬರ ಮನೆಗಳಲ್ಲಿಯೂ ಸಮನಾಗಿ ಇರುವವರಿಗೆ ಬಾಧೆ ಕಡಿಮೆ. ಇನ್ನೊಂದು ಅಮೆರಿಕದ್ದು, 2017ರಲ್ಲಿ ಪ್ರಕಟವಾದದ್ದು. ಆರೋಗ್ಯವಂತರಾದ 201 ಮಂದಿ ವಯಸ್ಕರಿಗೆ ಅವರ ಒಪ್ಪಿಗೆಯ ಮೇಲೆ ನೆಗಡಿಯ ವೈರಾಣು ಸೋಂಕಿಸಿ, ಪ್ರತ್ಯೇಕವಾಗಿರಿಸಿ ನೋಡಿದರು. ಬಾಲ್ಯದಲ್ಲಿ ತಂದೆತಾಯಿ ಬೇರೆಯಾಗಿ ಪರಸ್ಪರ ಮಾತನ್ನೇ ಬಿಟ್ಟಿದ್ದವರ ಮಕ್ಕಳಿಗೆ, ಒಟ್ಟಿಗಿದ್ದವರ ಮಕ್ಕಳಿಗಿಂತ ನೆಗಡಿ ತಗಲುವ ಸಂಭವ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಬೇರೆಯಾದರೂ ಮಾತು ಉಳಿಸಿಕೊಂಡಿದ್ದವರ ಮಕ್ಕಳಿಗೆ ಅಂತಹ ಹೆಚ್ಚಳ ಕಾಣಲಿಲ್ಲ. ಒಂದೆರಡು ಅಧ್ಯಯನಗಳಿಂದ ಎಲ್ಲವನ್ನೂ ನಿರ್ಣಯಿಸಲಾಗದು. ಆದರೂ ಹಲವಾರು ವರ್ಷಗಳ ಹಿಂದಿನ ಮೌನ ವಯಸ್ಕನ ಮೂಗಿನವರೆಗೂ ಬಂದು ತಲುಪುವುದಾದರೆ, ಆ ಮೌನದ ನಡುವೆಯೇ ಬೆಳೆಯುತ್ತಿರುವ ಮಗುವಿನ ಪಾಡೇನು?

ನಾನು ತರಗತಿಯಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಅಪಸ್ಮಾರವಿದ್ದ ಹುಡುಗನೊಬ್ಬ ಶಾಲೆ ನಡೆಯುವಾಗ ತಾಯಿಯ ತವರಿನಲ್ಲಿಯೂ, ರಜೆಯಲ್ಲಿ ತಂದೆಯ ಊರಿನಲ್ಲಿಯೂ ಇರುತ್ತಿದ್ದ. ಎರಡೂ ಮನೆಗಳಲ್ಲಿ ಅವನ ಮೇಲೆ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲಿಯೇ ಅವನಿಗೆ ಮೂರ್ಛೆ ಬರುತ್ತಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಮಾತ್ರೆಯ ಚೀಟಿ ತಾಯಿಯ ಮನೆಯಲ್ಲಿಯೇ ಉಳಿಯುತ್ತಿತ್ತು, ಒಯ್ದ ಮಾತ್ರೆ ಮುಗಿದಾಗ ತಂದೆಯ ಮನೆಯವರು ಹುಡುಗ ಚೆನ್ನಾಗಿದ್ದಾನಲ್ಲ ಎಂದು ಸುಮ್ಮನಾಗುತ್ತಿದ್ದರು. ಅಪಸ್ಮಾರದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಒಂದು ಚೀಟಿಯ ನಕಲು, ಒಂದು ಮಾತು ಆ ಹೊಳೆಯನ್ನು ದಾಟಿದ್ದರೆ ಸಾಕಾಗಿತ್ತು. ಅಸ್ತಮಾದ ಮಗು, ಇನ್ಸುಲಿನ್ ಬೇಕಾದ ಮಗು, ಕೀಲುವಾತದಿಂದ ಹೃದಯ ಕೆಟ್ಟು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಬೇಕಾದ ಮಗು, ಇವರೆಲ್ಲರ ಪಾಡೂ ಇದೇ ಬಗೆಯದು.

ಮಾಡಬಹುದಾದದ್ದು

ಇಷ್ಟು ಚರಿತ್ರೆಯಿಂದ ನನಗೆ ತೋರುವುದೇನೆಂದರೆ, ಮಗುವಿನ ದೇಹಕ್ಕೆ ಹೆಚ್ಚಿನ ಕೇಡಾಗುವುದು ಮದುವೆ ಮುರಿದ ದಿನದಿಂದಲ್ಲ, ಹೊಣೆ ಎರಡು ಮನೆಗಳ ನಡುವೆ ಬಿದ್ದುಹೋಗುವುದರಿಂದ. ದಿನವೂ ಹೊಡೆತ ಬಡಿತ ನೋಡುತ್ತ ಒಂದೇ ಸೂರಿನಡಿ ಬೆಳೆಯುವ ಮಗುವಿನ ಆರೋಗ್ಯ ಮೇಲೆಂದು ಯಾರೂ ಹೇಳಲಾರರು. ಪಂಚರು ಹಾಲೂಡುವ ಕೂಸಿನ ಹೊಣೆಯನ್ನು ಒಬ್ಬರ ಹೆಸರಿಗೆ ಹಾಕಿದರು. ಅವರ ವಿವೇಕವನ್ನು ನಾವು ಚುಚ್ಚುಮದ್ದಿಗೂ ಮಾತ್ರೆಗೂ ವಿಸ್ತರಿಸಬೇಕಾಗಿದೆ.

ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ. 1976ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಾಧ್ಯವಾಗಿದೆ. ಅದರ ಒಪ್ಪಂದದಲ್ಲಿ ಒಡವೆ, ಹಣ, ಭೇಟಿಯ ದಿನಗಳನ್ನು ಬರೆಯುವಾಗ ಮಗುವಿನ ಚಿಕಿತ್ಸೆಗೂ ಒಂದು ಕಲಮು ಬರೆಸಬಹುದು: ಕರೆದೊಯ್ಯುವವರು ಯಾರು, ಖರ್ಚು ಯಾರದು, ಇನ್ನೊಬ್ಬರಿಗೆ ತಿಳಿಸುವುದು ಹೇಗೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 12ನೆಯ ಕಲಮಿನ ಪ್ರಕಾರ ನ್ಯಾಯಾಲಯ ವೈದ್ಯರ ನೆರವನ್ನೂ ಪಡೆಯಬಹುದು. ದಾವಣಗೆರೆಯ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಂಡು ತಮ್ಮ ವಕೀಲರನ್ನು ಕೇಳಬೇಕು.

ನ್ಯಾಯಾಲಯಕ್ಕೆ ಹೋಗದವರ ಮನೆಗಳಲ್ಲಿ ಈ ಕೆಲಸ ಹಿರಿಯರದು. ನೀವು ಅಜ್ಜನೋ, ಅತ್ತೆಯೋ, ಸೋದರಮಾವನೋ ಆಗಿದ್ದರೆ, ಯಾರ ತಪ್ಪೆಂದು ತೂಗುವ ಮೊದಲು ತಾಯಿ ಕಾರ್ಡನ್ನು ಹುಡುಕಿ ಮಗುವಿನ ಜೊತೆ ಕಳುಹಿಸಿರಿ. ಔಷಧದ ಚೀಟಿಯ ನಕಲು ಎರಡೂ ಮನೆಗಳಲ್ಲಿರಲಿ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಅದು ಇರುವ ಮನೆಗೆ ವರ್ಗವಾಗಲಿ. ಶಾಲೆಯ ಗುರುಗಳಿಗೆ ಕಾಯಿಲೆಯ ವಿಷಯ ತಿಳಿದಿರಲಿ. ಬೇರೆಯಾದವರು ಉಳಿದ ಯಾವ ಮಾತನ್ನು ಬಿಟ್ಟರೂ ಬಿಡಲಿ, ಮಗುವಿನ ಮೈಗೆ ಸಂಬಂಧಿಸಿದ ಮಾತನ್ನು ಬಿಡದಿರಲಿ. ಒಂದು ಕಾಲಕ್ಕೆ ಎರಡು ರಾಜ್ಯಗಳ ಗಡಿಯಾಗಿದ್ದ ನಮ್ಮ ಹೊಳೆಯನ್ನು ಜನ ಹರಿಗೋಲಿನಲ್ಲಿ ಕುಳಿತು ದಾಟಿ ನೆಂಟಸ್ತನ ನಡೆಸಿದರು. ಒಂದು ಮಾತ್ರೆಯ ಚೀಟಿಯನ್ನು ದಾಟಿಸುವುದು ಅದಕ್ಕಿಂತ ಕಷ್ಟವಲ್ಲ.

ನಿಮ್ಮ ಮಕ್ಕಳು ಆರೋಗ್ಯವಂತರಾಗಿರಲಿ ಎಂದು ಹಾರೈಸುತ್ತೇನೆ.